ಕೂಗಿಲ್ಲದೆ ಹಾರಿದ ಕಲ್ಲು

ಹುಲ್ಲಪ್ಪನನ್ನು ಕೊಂದುಬಿಡಬೇಕೆಂದು ಮಾಳಪ್ಪ ತೀರ್ಮಾನಿಸಿದ್ದು ಸಿಟ್ಟಿನ ಭರದಲ್ಲಲ್ಲ. ಸಿಟ್ಟಿನ ಭರದ ಕೆಲಸವನ್ನು ಅವನು ಖಾಸಿಂಸಾಬನನ್ನು ಮಣ್ಣು ಮಾಡಿದ ದಿನವೇ ಮಾಡಿ ಮುಗಿಸಿದ್ದ. ಅವತ್ತು ಖಬರಸ್ತಾನದ ಗೇಟಿನಲ್ಲಿ ಹುಲ್ಲಪ್ಪ ಕೈಮುಗಿದು ನಿಂತದ್ದನ್ನು ಕಂಡು, ಜನ ಹಿಡಿದು ಎಳೆಯುವಷ್ಟರಲ್ಲಿ ಅವನ ಮುಂದಿನ ಹಲ್ಲೊಂದನ್ನು ಉದುರಿಸಿದ್ದ. ಆಮೇಲಿನದೆಲ್ಲ ತಣ್ಣಗಿನ ಕೆಲಸ. ಗಣಿಯಿಂದ ಒಂದು ಹಾರೆಯನ್ನು ಮನೆಗೆ ತಂದ, ಕಮ್ಮಾರನಲ್ಲಿ ಒಯ್ದು ತುದಿ ಬಡಿಸಿದ, ಕದದ ಹಿಂದೆ ನಿಲ್ಲಿಸಿದ.

"ಮನ್ಯಾಗ ಹಾರಿ ಯಾತಕ್ಕ?" ಎಂದು ಹೆಂಡತಿ ರಂಗವ್ವ ಕೇಳಿದಳು.

"ಹಿತ್ತಲದಾಗ ಕುಣಿ ತೋಡೂದೈತಿ."

ಅವರ ಮನೆಗೆ ಹಿತ್ತಲೇ ಇರಲಿಲ್ಲ. ಗಂಡ ಎಂಥ ಕುಣಿ ತೋಡಲು ಹೊರಟಿದ್ದಾನೆಂದು ರಂಗವ್ವನಿಗೆ ತಿಳಿಯಿತು, ಮನೆದೇವರು ಬೀರಪ್ಪನ ಪಟದ ಮುಂದೆ ಎರಡು ಹೊತ್ತು ದೀಪ ಹಚ್ಚತೊಡಗಿದಳು.

ಖಾಸಿಂಸಾಬ ಯಾರು ಎಂದು ಇಳಕಲ್ಲಿನವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳಬೇಕು, ಯಾಕೆಂದರೆ ಅವನಂಥವರ ಸಾವು ದೊಡ್ಡ ಪತ್ರಿಕೆಗಳಲ್ಲಿ ಬರುವುದಿಲ್ಲ.

ಈಗಿನ ಕಲ್ಲುಗಣಿಗಳಲ್ಲಿ ಮದ್ದು ಹಾರಿಸುವ ಮುಂಚೆ ಸೈರನ್ ಊಳಿಡುತ್ತದೆ. ಆಗ ಸೈರನ್ ಇರಲಿಲ್ಲ, ಖಾಸಿಂಸಾಬನ ಗಂಟಲಿತ್ತು. ಬಂಡೆಗೆ ತೂತು ಕೊರೆದು ಮದ್ದು ತುಂಬಿ, ಬತ್ತಿಗೆ ಬೆಂಕಿ ತಾಗಿಸುವ ಮೊದಲು ಅವನು ಎತ್ತರದ ಕಲ್ಲೊಂದನ್ನು ಹತ್ತಿ ನಿಲ್ಲುತ್ತಿದ್ದ. "ಮದ್ದೈತೋ! ಮದ್ದೈತೋ! ಮದ್ದೈತೋ!" ಎಂದು ಮೂರು ಸಲ ಕೂಗಿದನೆಂದರೆ ಗಣಿಯ ತಳದಲ್ಲಿದ್ದವನ ಎದೆಯ ಗೂಡಿಗೂ ಅದು ತಾಗುತ್ತಿತ್ತು. ಜನ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಸುಟು ಬಂಡೆಗಳ ಮರೆಗೆ ಓಡುತ್ತಿದ್ದರು. ಆಗ ಇನ್ನೊಂದು ಕೂಗು ಬರುತ್ತಿತ್ತು: "ತಲಿ ತಗ್ಗಸ್ರೋ! ಬಾಜೂದಾವನ ತಲೀನೂ ತಗ್ಗಸ್ರೋ!"

ಈ ಎರಡನೆಯ ಕೂಗು ಮೊದಲು ಇರಲಿಲ್ಲ. ಒಮ್ಮೆ ಒಬ್ಬ ಹುಡುಗಾಟಿಕೆಯವನು ಬಂಡೆ ಹೇಗೆ ಸೀಳುತ್ತದೆಂದು ನೋಡಲು ಮರೆಯಿಂದ ತಲೆ ಎತ್ತಿದ. ಸೀಳಿದ್ದು ಅವನ ಮುಖ. ಅವನನ್ನು ಗೋಣಿಚೀಲದಲ್ಲಿ ಎತ್ತಿಕೊಂಡು ಮೇಲೆ ಬಂದವನು ಖಾಸಿಂಸಾಬ. ಅವತ್ತಿನಿಂದ ಅವನು ಗಣಿಗೆ ಒಂದು ರೀತಿ ಹಾಕಿಕೊಟ್ಟ: ಕೂಗು ಬಿದ್ದ ಮೇಲೆ ಪಕ್ಕದಲ್ಲಿ ಯಾರೇ ಇರಲಿ, ಅವನ ತಲೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿಯಬೇಕು. ಅವನು ಬಂಧುವೋ ಹಗೆಯೋ ಎಂದು ಕೇಳುವಂತಿಲ್ಲ.

ಹಗೆಯೋ ಎಂದದ್ದು ಬಾಯಿಮಾತಿಗಲ್ಲ. ಮಾಳಪ್ಪ ಮತ್ತು ಹುಲ್ಲಪ್ಪ ಹರೆಯದಲ್ಲೇ ಒಬ್ಬರನ್ನೊಬ್ಬರು ಹರಿದು ತಿನ್ನುವಂಥ ಹಗೆಗಳು. ಹುಲ್ಲಪ್ಪ ಒಂದು ಮಧ್ಯಾಹ್ನ ಮಾಳಪ್ಪನ ಕಂಬಳಿಯಲ್ಲಿ ಕೊರೆಯುವ ಯಂತ್ರದ ಎಣ್ಣೆ ಒರೆಸಿದ. ಬೀರಪ್ಪನ ಒಕ್ಕಲಿನವನ ಕಂಬಳಿ ಎಂದರೆ ಹಾಸುವ ಹೊದೆಯುವ ಬಟ್ಟೆಯಲ್ಲ, ಅದರ ಮೇಲೆ ದೇವರು ಕೂಡುತ್ತಾನೆ. ಮಾಳಪ್ಪ ಹುಲ್ಲಪ್ಪನನ್ನು ಕೆಡವಿ, ಎದೆಯ ಮೇಲೆ ಕೂತು, ಅವನ ಎಡಗಿವಿಯನ್ನು ಅರ್ಧ ಕಚ್ಚಿ ಹರಿದು ಉಗುಳಿದ. ಹುಲ್ಲಪ್ಪ ಕೈಗೆ ಸಿಕ್ಕ ಕಲ್ಲಿನಿಂದ ಅವನ ಪಕ್ಕೆಲುಬನ್ನು ಬಡಿಯುತ್ತಿದ್ದ. ಅಷ್ಟರಲ್ಲಿ ಮೇಲಿನಿಂದ ಕೂಗು ಬಿತ್ತು. ಇಬ್ಬರೂ ಒಂದೇ ಉಸಿರಿಗೆ ಎದ್ದು ಓಡಿ ಒಂದೇ ಬಂಡೆಯ ಹಿಂದೆ ಬಿದ್ದರು, ಒಬ್ಬರ ತಲೆಯನ್ನೊಬ್ಬರು ಒತ್ತಿ ಹಿಡಿದರು. ಮದ್ದು ಹಾರಿತು. ಕಲ್ಲುಗಳೆಲ್ಲ ಬಿದ್ದು ಮುಗಿದ ಮೇಲೆ ಇಬ್ಬರೂ ಎದ್ದು ಬಂದು, ಬಿಟ್ಟ ಜಾಗದಿಂದಲೇ ಮತ್ತೆ ಬಡಿದಾಡತೊಡಗಿದರು. ಖಾಸಿಂಸಾಬ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ.

ಅದೇ ಕಾಲಕ್ಕೆ ಕಲ್ಲು ಕೊಯ್ಯುವ ಯಂತ್ರ ಜೋಡಿಸಿಕೊಡಲು ಅಮೆರಿಕದಿಂದ ಒಬ್ಬ ಮೇಸ್ತ್ರಿ ಬಂದ. ಕಪ್ಪು ಮೈಬಣ್ಣದ, ದಪ್ಪ ಕೈಗಳ ಮನುಷ್ಯ. ಸಂಜೆಯಾದರೆ ತನ್ನ ಟೇಪ್‌ರೆಕಾರ್ಡರು ತಂದು ಕೆಲಸದವರ ನಡುವೆ ಕೂತು ಹಾಡು ಹಾಕುತ್ತಿದ್ದ. ಅವನು ಹೇಳಿದ್ದನ್ನು ಗಣಿಯ ಗುಮಾಸ್ತ ರಾಚಯ್ಯ ಕನ್ನಡಕ್ಕೆ ಮಾಡಿ ಹೇಳುತ್ತಿದ್ದ: ಇದಕ್ಕೆ ಬ್ಲೂಸ್ ಅನ್ನುತ್ತಾರೆ, ಇದು ಚಾಟಿಯೇಟು ತಿಂದವರ ಹಾಡು, ನನ್ನ ಮುತ್ತಜ್ಜ ಕಾಲಿಗೆ ಬೇಡಿ ಹಾಕಿಸಿಕೊಂಡು ಕಲ್ಲು ಒಡೆಯುತ್ತ ಇಂಥವನ್ನೇ ಹಾಡುತ್ತಿದ್ದ.

ಖಾಸಿಂಸಾಬ ಕೇಳುತ್ತ ಕೇಳುತ್ತ ಅತ್ತುಬಿಟ್ಟ. ಮೊಹರಮ್ಮಿನಲ್ಲಿ ಸಾವಿನ ಪದಗಳನ್ನು, ರಿವಾಯತ್ತುಗಳನ್ನು, ಹಾಡಿ ಬೆಳೆದವನು ಅವನು. "ಇದು ನಮ್ಮ ರಿವಾಯತ್ತ ಐತಲೇ ಮಾಳ್ಯಾ," ಎಂದ. "ಮಾತಷ್ಟ ಬ್ಯಾರೆ. ಅಳೂದು ಅದ."

ಮೇಸ್ತ್ರಿ ಹೋಗುವಾಗ ಟೇಪ್‌ರೆಕಾರ್ಡರನ್ನೂ ಒಂದು ಚೀಲ ಕ್ಯಾಸೆಟ್ಟುಗಳನ್ನೂ ಖಾಸಿಂಸಾಬನಿಗೆ ಕೊಟ್ಟುಹೋದ. ಖಾಸಿಂಸಾಬನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಯಾವ ಹಾಡಿನಲ್ಲಿ ಯಾರು ಯಾರನ್ನು ಹೊಡೆದ, ಯಾರು ಜೈಲು ಸೇರಿದ, ಯಾರ ಮನೆ ಸುಟ್ಟಿತು ಎಂಬುದನ್ನೆಲ್ಲ ರಾಚಯ್ಯನ ಬಾಯಿಂದ ಕೇಳಿ ಎದೆಯಲ್ಲಿಟ್ಟುಕೊಂಡಿದ್ದ.

ವಯಸ್ಸಾಗಿ ಗಣಿ ಬಿಟ್ಟಾಗ ಅವನ ಎಡಗಿವಿ ಸತ್ತಿತ್ತು. ಅಷ್ಟು ವರ್ಷ ಮದ್ದಿನ ಪಕ್ಕ ನಿಂತದ್ದಕ್ಕೆ ಗಣಿ ಕೊಟ್ಟ ಉಡುಗೊರೆ ಅದು. ಮಗಳು ಸಾಯಿಮಾ ಊರಿನ ಸಮುದಾಯ ರೇಡಿಯೊದಲ್ಲಿ ಕೆಲಸಕ್ಕಿದ್ದಳು. ಒಂದು ಶನಿವಾರ ಸಂಜೆ ಮಾತಾಡಬೇಕಾದ ಅತಿಥಿ ಕೈಕೊಟ್ಟಾಗ ಅಪ್ಪನನ್ನೇ ಕರೆದೊಯ್ದು ಮೈಕಿನ ಮುಂದೆ ಕೂಡಿಸಿದಳು. ಅವನಿಗೆ ಮೈಕು ಎಂದರೇನೆಂದು ಯಾರು ಹೇಳಬೇಕು? ಎದೆ ತುಂಬ ಉಸಿರು ತೆಗೆದುಕೊಂಡು ಮೂರು ಸಲ "ಮದ್ದೈತೋ!" ಎಂದು ಕೂಗಿ, ತಲೆ ತಗ್ಗಿಸುವ ಕೂಗನ್ನೂ ಕೂಗಿ, ಆಮೇಲೆ ಹಾಡು ಹಾಕಿದ. ಊರ ಚಹಾದಂಗಡಿಗಳಲ್ಲಿ ಕೂತಿದ್ದ ಗಣಿಯವರು ಗ್ಲಾಸು ಬಿಸುಟು ಬೆಂಚಿನ ಕೆಳಗೆ ತೂರಿದರು. ಒಬ್ಬ ಪಕ್ಕದಲ್ಲಿದ್ದ ಮಾಸ್ತರರ ತಲೆಯನ್ನು ಹಿಡಿದು ಅವರ ಇಡ್ಲಿ ತಾಟಿನೊಳಗೇ ಒತ್ತಿಬಿಟ್ಟ. ರೇಡಿಯೊದವರಿಗೆ ಬೈಗುಳ ಬಿತ್ತು. ಮರುವಾರದಿಂದ ಖಾಸಿಂಸಾಬ ಕೂಗು ಬಿಟ್ಟು, ಬರೀ ಗಂಟಲು ಸರಿ ಮಾಡಿಕೊಂಡು, "ಕುಂದರ್ರೋ, ಪದಾ ಐತಿ" ಎನ್ನತೊಡಗಿದ.

ಕಾರ್ಯಕ್ರಮದ ಹೆಸರು 'ಕಲ್ಲಿನ ಪದ'. ಇಳಕಲ್ಲಿನ ಕೈಮಗ್ಗದ ಮನೆಗಳಲ್ಲಿ, ಹುನಗುಂದದ ಕೋರ್ಟಿನ ಮುಂದಿನ ಟೈಪಿಂಗ್ ಅಂಗಡಿಗಳಲ್ಲಿ, ಆಮೇಲೆ ಮೊಬೈಲಿನಲ್ಲಿ ಕೇಳುವುದು ಬಂದಾಗ ಬಾದಾಮಿಯ ಆಟೊದವರ ತನಕ ಅದು ಹಬ್ಬಿತು. ಹಾಡಿಗಿಂತ ಮೊದಲು ಅವನು ಹಾಡಿನೊಳಗಿನ ಕಥೆ ಹೇಳುತ್ತಿದ್ದ. "ಈ ಪದದಾಗ ಒಬ್ಬಾಂವ ಕೆಲಸಾ ಮಾಡಸೂ ಮುಕಾದಮನ ತಲಿಗೆ ಸುತಗಿ ಹಾಕಿ ಓಡ್ಯಾನ. ಹಿಂದ ನಾಯಿ ಬಿಟ್ಟಾರ. ನಾಯಿ ಅವನ್ನ ಮುಟ್ಟಿದ್ವೋ ಇಲ್ಲೋ, ಪದಾ ಹೇಳೂದಿಲ್ಲ. ನಾನೂ ಹೇಳೂದಿಲ್ಲ." ಕಲಾದಗಿಯಿಂದ ಒಬ್ಬ ಅಜ್ಜಿ ವಾರವಾರವೂ ಫೋನು ಮಾಡಿ, "ನಾಯಿ ಮುಟ್ಟಿದ್ವೇನ್ರಿ ಸಾಬರ?" ಎಂದು ಕೇಳುತ್ತಿದ್ದಳು. ವಾರವಾರವೂ ಅವನು, "ಇನ್ನೂ ಓಡಾಕತ್ತಾನಬೇ," ಎನ್ನುತ್ತಿದ್ದ. ಗಂಡನ ಹೊಡೆತ ತಿಂದ ಹೆಂಗಸರು, ಜೈಲಿನಿಂದ ಬಂದವರು, ಅಣ್ಣತಮ್ಮಂದಿರ ಜಗಳದಲ್ಲಿ ಕೈಬೆರಳು ಕಳೆದುಕೊಂಡವರು ಫೋನು ಮಾಡಿ ತಮ್ಮ ಕಥೆ ಹೇಳಿ ಅಳುತ್ತಿದ್ದರು. ಅವನು ಬುದ್ಧಿವಾದ ಹೇಳುತ್ತಿರಲಿಲ್ಲ. ಪೂರ್ತಿ ಕೇಳಿ, ಅದಕ್ಕೆ ತಕ್ಕ ಹಾಡೊಂದನ್ನು ಹುಡುಕಿ ಹಾಕುತ್ತಿದ್ದ. ಇಷ್ಟು ಮಾಡುವವರು ಎಷ್ಟು ಜನ ಇದ್ದಾರೆ, ನೀವೇ ಹೇಳಿ.

ಶನಿವಾರ ರೇಡಿಯೊ ಕೇಂದ್ರಕ್ಕೆ ಹೋಗುವ ಮೊದಲು ಅವನು ಗಣಿಗೆ ಹೋಗಿ ಹಳೆಯ ಗೆಳೆಯರ ಜೊತೆ ರೊಟ್ಟಿ ತಿನ್ನುವುದಿತ್ತು. ಸತ್ತದ್ದೂ ಶನಿವಾರವೇ.

ಮದ್ದಿನ ಕೆಲಸ ಈಗ ಹುಲ್ಲಪ್ಪನದು. ಅವನಿಗೆ ಕೂಗಲು ಕಲಿಸಿದವನು ಖಾಸಿಂಸಾಬನೇ. ಹುಲ್ಲಪ್ಪನ ಗಂಟಲು ಸೀಳು, ಕೂಗಿದರೆ ಮಧ್ಯದಲ್ಲಿ ಒಡೆಯುತ್ತಿತ್ತು. "ಕೂಗಾಕತ್ತೀಯೋ, ಕುರಿ ಈಯಾಕತ್ತೈತೋ?" ಎಂದು ಉಸ್ತಾದ ಛೇಡಿಸಿದರೆ ಗಣಿಗೆ ಗಣಿಯೇ ನಗುತ್ತಿತ್ತು. ಸೈರನ್ ಬಂದ ದಿನ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಹುಲ್ಲಪ್ಪ. ಆ ಶನಿವಾರ ಸೈರನ್ ಕೆಟ್ಟಿತ್ತು. ಗಣಿಯ ಸಾವಕಾರ ಕಲ್ಲಿಗಾಗಿ ಲಾರಿ ನಿಲ್ಲಿಸಿಕೊಂಡು ಬೈಯುತ್ತಿದ್ದ. ಖಾಸಿಂಸಾಬ ತನ್ನ ಹಳೆಯ ಎತ್ತರದ ಕಲ್ಲಿನ ಬುಡದಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದ. ಮಾಳಪ್ಪ ನೀರಿನ ಟಾಕಿಯ ಹತ್ತಿರ ಕೈತೊಳೆಯುತ್ತಿದ್ದ.

ಕೂಗು ಬರಲಿಲ್ಲ. ಬಂಡೆ ಸಿಡಿಯಿತು. ಒರಳಿನಷ್ಟು ದಪ್ಪದ ಕಲ್ಲೊಂದು ಹಾರಿ ಬಂದು ಖಾಸಿಂಸಾಬನ ಕತ್ತಿನ ಪಕ್ಕಕ್ಕೆ ಅಪ್ಪಳಿಸಿತು. ಮಾಳಪ್ಪ ಓಡಿ ಹೋದಾಗ ರೊಟ್ಟಿಯ ಮೇಲೆಲ್ಲ ನೆತ್ತರು, ಭುಜದ ಎಲುಬು ಅಂಗಿಯನ್ನು ಹರಿದು ಹೊರಗೆ ಬಂದಿತ್ತು. ಗಂಟಲಿನಿಂದ ಗಾಳಿ ಬುಸುಗುಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಬಾಗಲಕೋಟೆಯ ದವಾಖಾನೆಗೆ ಹೊರಟರು. ಅಮೀನಗಡ ದಾಟುವುದರೊಳಗೆ ಮಾಳಪ್ಪನ ತೊಡೆಯ ಮೇಲೆ ಅವನ ತಲೆ ಭಾರವಾಯಿತು.

"ಮೂರ ಸಲಾ ಕೂಗೇನ್ರಿ," ಎಂದು ಹುಲ್ಲಪ್ಪ ಠಾಣೆಯಲ್ಲಿ ಹೇಳಿದ. "ಸಾಬರಿಗೆ ಕಿವಿ ಕೇಳೂದಿಲ್ಲ. ಊರಿಗೆಲ್ಲಾ ಗೊತ್ತೈತಿ."

ಯಂತ್ರದ ಸದ್ದಿನಲ್ಲಿದ್ದ ಉಳಿದವರು ಕೂಗು ಕೇಳಿದೆವೆಂದೂ ಹೇಳಲಿಲ್ಲ, ಕೇಳಲಿಲ್ಲವೆಂದೂ ಹೇಳಲಿಲ್ಲ. ಕೂಗಿಲ್ಲ ಎಂದು ಹೇಳಿದವನು ಮಾಳಪ್ಪ ಒಬ್ಬನೇ. ಅವನ ಮಾತನ್ನು ಯಾರು ನಂಬಬೇಕು? ಹುಲ್ಲಪ್ಪನ ಅರ್ಧ ಕಿವಿ ಕಚ್ಚಿ ಹರಿದವನು ಅವನು. ಹೀಗಾಗಿ ಮಾತು ಊರೂರು ತಿರುಗಿತು: ಕೂಗುವವನೇ ಕೂಗು ಕೇಳದೆ ಸತ್ತನಂತೆ. ಚಹಾದಂಗಡಿಯಲ್ಲಿ ಯಾರೋ ಇದನ್ನು ಹೇಳಿ ಕಿಸಕ್ಕನೆ ನಕ್ಕದ್ದನ್ನು ಮಾಳಪ್ಪ ತನ್ನ ಕಿವಿಯಾರೆ ಕೇಳಿದ. ಕಲ್ಲು ಒಮ್ಮೆ ಕೊಂದಿತ್ತು, ಈ ನಗೆ ದಿನಾ ಕೊಲ್ಲುತ್ತಿತ್ತು. ಹಾರೆ ಮನೆಗೆ ಬಂದದ್ದು ಆಗ.

ಖಾಸಿಂಸಾಬನ ಹೆಸರಿನಲ್ಲಿ ನಲವತ್ತನೆಯ ದಿನ ಓದಿಸಿದ ಫಾತೇಹಾದ ಊಟಕ್ಕೆ ಮಾಳಪ್ಪ ಹೋದ. ಉಂಡು ಕೈತೊಳೆಯುವಾಗ ಸಾಯಿಮಾ ನೀರು ಹಾಕಲು ಬಂದಳು. ಅವನು ತಗ್ಗಿದ ದನಿಯಲ್ಲಿ ಹೇಳಿದ:

"ಇವತ್ತ ಮುಗಸ್ತೇನಿ ಅವನ್ನ. ನಿನಗ ತಿಳಿಸಿ ಮಾಡಬೇಕಂತ ಬಂದೆ."

ಅವಳು ನೀರು ಹಾಕುವುದನ್ನು ನಿಲ್ಲಿಸಿ ತಂಬಿಗೆ ಹಿಡಿದು ನಿಂತಳು. "ಅವನ ಹೆಣಾ ತಗೊಂಡು ನಾ ಏನ ಮಾಡ್ಲಿ ಕಾಕಾ? ನನಗ ಅವನ ಬಾಯಿ ಬೇಕು. ಅವ ಸತ್ತರ ಊರ ಲೆಕ್ಕದಾಗ ಅಬ್ಬಾ ಕಡೀತನಕಾ ಕಿವುಡ ಆಗೇ ಉಳೀತಾನ."

"ಸುಳ್ಳ ಹೇಳೂ ಬಾಯಿ ಅದು. ಅದನ್ನ ತಗೊಂಡು ಏನ ಮಾಡ್ತಿ?"

"ಸಂಜೀಕ ರೇಡಿಯೋ ಕೇಳ್ರಿ," ಎಂದಳು ಅವಳು. "ಅಬ್ಬಾನ ನೆನಪಿನ ಕಾರ್ಯಕ್ರಮ ಐತಿ. ನಾನ ಮಾಡಾಕಿ ಅದೀನಿ."

ರೇಡಿಯೊ ಕೇಳುವ ಮನಸ್ಸು ಮಾಳಪ್ಪನಿಗಿರಲಿಲ್ಲ. ಹೊತ್ತು ಇಳಿಯುವಾಗ ಹಾರೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಗಣಿಗೆ ನಡೆದ. ಕೆಲಸದವರು ಹೋಗಿಯಾಗಿತ್ತು. ಮದ್ದಿನ ಕೋಣೆಯ ಮುಂದೆ, ಕೊಯ್ದಿಟ್ಟ ದೊಡ್ಡ ಕಲ್ಲಿನ ಪಕ್ಕ ಹುಲ್ಲಪ್ಪ ಒಬ್ಬನೇ ಕೂತಿದ್ದ. ಬಾಗಿಲ ಮೊಳೆಗೆ ರೇಡಿಯೊ ತೂಗುಹಾಕಿತ್ತು. ಅದರಲ್ಲಿ ಸಾಯಿಮಾ ಮಾತಾಡುತ್ತಿದ್ದಳು. ಬಾದಾಮಿಯ ಯಾರೋ ಫೋನಿನಲ್ಲಿ ಖಾಸಿಂಸಾಬನನ್ನು ನೆನೆದು ಬಿಕ್ಕುತ್ತಿದ್ದರು. ಕೊಂದವನು ಕಾಲು ಚಾಚಿ ಕೂತು ಅದನ್ನು ಕೇಳುತ್ತಿದ್ದಾನೆ! ಮಾಳಪ್ಪನ ಕಣ್ಣು ಕೆಂಪಡರಿದವು.

"ಏಳಲೇ," ಎಂದ. ಕೂತವನನ್ನು ಹೊಡೆಯಲು ಅವನಿಗೆ ಮನಸ್ಸಾಗಲಿಲ್ಲ.

ಹುಲ್ಲಪ್ಪ ಎದ್ದ. ಹಾರೆ ಕಂಡ. ಓಡಲಿಲ್ಲ, ಬಗ್ಗಿ ಒಂದು ಚೂಪುಗಲ್ಲು ಎತ್ತಿ ಬೀಸಿದ. ಅದು ಮಾಳಪ್ಪನ ಹುಬ್ಬಿಗೆ ಬಡಿದು ನೆತ್ತರು ಕಣ್ಣಿಗಿಳಿಯಿತು. ಮಾಳಪ್ಪ ಒಂದೇ ಕಣ್ಣಿನಲ್ಲಿ ನೋಡುತ್ತ ಹಾರೆ ಬೀಸಿದ. ಮೊದಲ ಏಟು ಬಲಭುಜಕ್ಕೆ ಬಿತ್ತು, ಎಲುಬು ಮುರಿದ ಸದ್ದು ಇಬ್ಬರಿಗೂ ಕೇಳಿತು. ಹುಲ್ಲಪ್ಪ ಚೀರಿ ಮಂಡಿಯೂರಿದ, ಎಡಗೈಯಿಂದ ಮಾಳಪ್ಪನ ಕಾಲು ಹಿಡಿದು ಕಚ್ಚಿದ. ಮಾಳಪ್ಪ ಅವನ ಮೋರೆಗೆ ಒದ್ದು ಬಿಡಿಸಿಕೊಂಡ, ಎರಡು ಹೆಜ್ಜೆ ಹಿಂದೆ ಸರಿದ, ಹಾರೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿದ. ಕೆಳಗೆ ಹುಲ್ಲಪ್ಪನ ನೆತ್ತಿ ಕಾಣುತ್ತಿತ್ತು. ಇನ್ನು ಇಳಿಸುವುದಷ್ಟೇ ಬಾಕಿ.

"ಮದ್ದೈತೋ!"

ಖಾಸಿಂಸಾಬನ ಕೂಗು.

"ಮದ್ದೈತೋ! ಮದ್ದೈತೋ!"

ಮಾಳಪ್ಪನ ತಲೆ ಏನನ್ನೂ ಯೋಚಿಸಲಿಲ್ಲ. ಕೈ ಹಾರೆಯನ್ನು ಬಿಸುಟಿತು, ಕಾಲು ಓಡಿತು. ಹುಲ್ಲಪ್ಪ ಮುರಿದ ಭುಜವನ್ನು ಜೋತಾಡಿಸಿಕೊಂಡು ಅವನ ಪಕ್ಕದಲ್ಲೇ ಓಡುತ್ತಿದ್ದ. ಇಬ್ಬರೂ ದೊಡ್ಡ ಕಲ್ಲಿನ ಹಿಂದೆ ದೊಪ್ಪನೆ ಬಿದ್ದರು. "ತಲಿ ತಗ್ಗಸ್ರೋ! ಬಾಜೂದಾವನ ತಲೀನೂ ತಗ್ಗಸ್ರೋ!" ಎಂಬ ಕೂಗು ಮುಗಿಯುವ ಮೊದಲೇ ಮಾಳಪ್ಪನ ಬಲಗೈ ಹುಲ್ಲಪ್ಪನ ತಲೆಯನ್ನು ಮಣ್ಣಿಗೆ ಒತ್ತಿ ಹಿಡಿದಿತ್ತು.

ಇಬ್ಬರೂ ಉಸಿರು ಬಿಗಿಹಿಡಿದು ಸಿಡಿತಕ್ಕೆ ಕಾದರು. ಸಿಡಿಯಲಿಲ್ಲ. ಗಿಟಾರಿನ ತಂತಿಯೊಂದು ನರಳಿತು. ಆಮೇಲೆ ಸಾಯಿಮಾಳ ದನಿ: ಇದು ನಮ್ಮ ಅಬ್ಬಾ ಮೈಕಿನ ಮುಂದೆ ಕೂತ ಮೊದಲ ದಿನದ ಕೂಗು, ಆ ದಿನ ಬೈದವರೆಲ್ಲ ಇವತ್ತು ಕ್ಷಮಿಸಬೇಕು.

ಮಾಳಪ್ಪನಿಗೆ ತಿಳಿಯಿತು. ಅಂಗೈಯ ಕೆಳಗೆ ಏನೋ ಒರಟಾಗಿ ತಾಗುತ್ತಿತ್ತು. ತಾನೇ ಹರಿದ ಕಿವಿ ಅದು. ಕೈ ತೆಗೆಯಬೇಕೆಂದುಕೊಂಡ. ಕೈ ಏಳಲಿಲ್ಲ. ಅವನಿಗೆ ತನ್ನ ಕೈಯ ಮೇಲೆಯೇ ಸಿಟ್ಟು ಬಂತು, ಅಳು ಬಂತು, ಖಾಸಿಂಸಾಬ ಮೇಲೆಲ್ಲೋ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿರುವಂತೆ ಅನ್ನಿಸಿತು.

ಮಣ್ಣಿಗೆ ಮುಖ ಒತ್ತಿಕೊಂಡಿದ್ದ ಹುಲ್ಲಪ್ಪ ಅಲ್ಲಿಂದಲೇ ಹೇಳಿದ: "ನಾ ಕೂಗಲಿಲ್ಲ ಮಾಳಣ್ಣ."

"ನನಗ ಗೊತ್ತಿಲ್ಲೇನದು? ಯಾಕ ಕೂಗಲಿಲ್ಲ, ಅದನ್ನ ಹೇಳು."

"ಉಸ್ತಾದ ಎದುರಿಗೇ ಕುಂತಿದ್ದ. ಅವನ ಮುಂದ ಈ ಗಂಟಲಾ ಎತ್ತಾಕ ನಾಚಿಗಿ ಬಂತು. ಕುರಿ ಈಯಾಕತ್ತೈತಿ ಅಂತಾನ, ಲಾರಿಯವ್ರು ನಗ್ತಾರ ಅಂತ. ಕೆಂಪು ಅರಿವಿ ಬೀಸಿದೆ. ನೋಡ್ಯಾನ ಅಂತ ತಿಳಕೊಂಡೆ. ಅವ ರೊಟ್ಟಿ ಬಿಚ್ಚಾಕ ಆ ಕಡೆ ಹೊಳ್ಳಿದ್ದ."

ಇಷ್ಟಕ್ಕೇ! ಒಂದು ಕೂಗಿನ ನಾಚಿಕೆಗೆ ಒಂದು ಜೀವ. ಮಾಳಪ್ಪನ ಬೆರಳುಗಳು ಹುಲ್ಲಪ್ಪನ ಕೂದಲಲ್ಲಿ ಬಿಗಿದವು. ಹಾರೆ ಕೈಗೆಟುಕುವಷ್ಟು ದೂರದಲ್ಲೇ ಬಿದ್ದಿತ್ತು. ಅವನು ಅದನ್ನು ನೋಡಿದ. ತಂಬಿಗೆ ಹಿಡಿದು ನಿಂತ ಸಾಯಿಮಾ ನೆನಪಾದಳು. ಎಡಗೈಯಿಂದ ತನ್ನ ಫೋನು ತೆಗೆದು, ಶನಿವಾರ ಶನಿವಾರ ಹಚ್ಚಿ ಹಚ್ಚಿ ಬಾಯಿಪಾಠವಾಗಿದ್ದ ರೇಡಿಯೊದ ನಂಬರು ಒತ್ತಿ, ಹುಲ್ಲಪ್ಪನ ಬಾಯಿಯ ಹತ್ತಿರ ಹಿಡಿದ.

"ನನಗ ಹೇಳಬ್ಯಾಡ. ಅಕೀಗೆ ಹೇಳು. ಊರಿಗೆ ಹೇಳು."

"ನಮಸ್ಕಾರ, ಕಲ್ಲಿನ ಪದ," ಎಂದಳು ಸಾಯಿಮಾ. "ಯಾರು ಮಾತಾಡಾಕತ್ತೀರಿ?"

"ಹುಲ್ಲಪ್ಪ ಅದೀನವ್ವ." ಬಾಗಿಲಿನ ರೇಡಿಯೊದಲ್ಲಿ ಅವನ ದನಿಯೇ ಒಡೆದು ಒಡೆದು ಹಿಂದಿರುಗಿ ಬಂತು. "ಮದ್ದ ಹಾರಿಸಾಂವ. ಆವತ್ತ ನಾ ಕೂಗಲಿಲ್ಲ. ಠಾಣ್ಯಾಗ ಸುಳ್ಳ ಹೇಳಿನಿ. ಉಸ್ತಾದನ ಮುಂದ ಕೂಗಾಕ ನಾಚಿಗಿ ಬಂತು, ಅದಕ್ಕ ಕೂಗಲಿಲ್ಲ. ಕೂಗಿದ್ರ ಅವಗ ಕೇಳತಿತ್ತು. ಇನ್ನೊಂದ ಕಿವಿ ಚಲೋ ಇತ್ತು."

ರೇಡಿಯೊ ಸುಮ್ಮನಾಯಿತು. ಇಳಕಲ್ಲಿನ ಮಗ್ಗದ ಮನೆಗಳಲ್ಲಿ, ಹುನಗುಂದದ ಅಂಗಡಿಗಳಲ್ಲಿ, ಕಲಾದಗಿಯ ಅಜ್ಜಿಯ ಅಡಿಗೆಮನೆಯಲ್ಲಿ ಎಲ್ಲರಿಗೂ ಆ ಮೌನ ಕೇಳಿತು. ಅದರೊಳಗೆ ಒಬ್ಬ ಹೆಣ್ಣುಮಗಳು ಉಸಿರಾಡುವುದು ಮಾತ್ರ ಕೇಳುತ್ತಿತ್ತು.

"ಮಾಳಪ್ಪ ಕಾಕಾ ನಿಮ್ಮ ಬಾಜೂಕ ಅದಾರೇನು?" ಎಂದು ಅವಳು ಕೊನೆಗೆ ಕೇಳಿದಳು.

"ಅದಾನವ್ವ."

"ಅವರ ಕೈ ಎಲ್ಲೈತಿ?"

ಹುಲ್ಲಪ್ಪ ತಲೆ ಎತ್ತಲು ನೋಡಿದ. ಆಗಲಿಲ್ಲ.

"ನನ್ನ ತಲಿ ಮ್ಯಾಲ ಐತಿ."

ಸಾಯಿಮಾ ಗಂಟಲು ಸರಿ ಮಾಡಿಕೊಂಡಳು, ಥೇಟ್ ಅಪ್ಪನ ಹಾಗೆ.

"ಅಲ್ಲೇ ಇಟ್ಕೊಂಡಿರ್ರಿ ಕಾಕಾ, ತಗೀಬ್ಯಾಡ್ರಿ. ಯಾರರ ಬಂದು ಅವರನ್ನ ಠಾಣೆಗೆ ಕರಕೊಂಡು ಹೋಗೂತನಕಾ ತಗೀಬ್ಯಾಡ್ರಿ. ಕುಂದರ್ರಿ, ಪದಾ ಐತಿ."

ಸುತ್ತಿಗೆ ಹಾಕಿ ಓಡಿದವನ ಹಾಡು ಶುರುವಾಯಿತು. ಮಾಳಪ್ಪನ ಹುಬ್ಬಿನ ನೆತ್ತರು ಹನಿಹನಿಯಾಗಿ ಹುಲ್ಲಪ್ಪನ ಕೊರಳ ಮೇಲೆ ಬೀಳುತ್ತಿತ್ತು. ದೂರದಲ್ಲಿ ಯಾರದೋ ಮೋಟಾರ್‌ಸೈಕಲ್ಲು ಗಣಿಯ ದಾರಿ ಹಿಡಿದ ಸದ್ದು ಕೇಳಿತು. ಮಾಳಪ್ಪ ಕೈ ತೆಗೆಯಲಿಲ್ಲ.